ನಮ್ಮ ಲೋಟದ ಹಾಲು ಬಂದ ದಾರಿ

ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದ ನಮಗೆ ಹಾಲಿನ ನೆನಪುಗಳು ಎರಡು. ಒಂದು, ಊರ ಹಟ್ಟಿಯಲ್ಲಿ ಕರೆದ ನೊರೆಹಾಲು. ಇನ್ನೊಂದು, ನಸುಕಿನಲ್ಲೆದ್ದು ಕಾರ್ಡು ಹಿಡಿದು ಆರೇ ಕೇಂದ್ರದ ಮುಂದೆ ಸಾಲು ನಿಂತು ತಂದ ಗಾಜಿನ ಬಾಟ್ಲಿಯ ಹಾಲು. ಆ ಬಾಟ್ಲಿ ಇಂದಿಲ್ಲ. ಆದರೆ ಆ ಹಾಲನ್ನು ಕರೆದವನಿಗೆ ದಕ್ಕಿದ್ದೆಷ್ಟು ಎಂದು ನಾವು ವಿಚಾರಿಸಿದ್ದು ಕಡಿಮೆ.

ಹಿಂದೆ ಮುಂಬಯಿಯ ಹಾಲು ಬಹುಪಾಲು ನಗರದ ತಬೇಲಾಗಳಿಂದಲೇ ಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಜನ ಹೆಚ್ಚಿದರು, ಹಾಲು ಸಾಲದಾಯಿತು. 1945ರಲ್ಲಿ ಸರಕಾರವು, ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ಖೇಡಾ ಜಿಲ್ಲೆಯಿಂದ ಹಾಲು ತರಿಸತೊಡಗಿತು. ಆಣಂದದಿಂದ 400 ಕಿಲೋಮೀಟರಿಗೂ ಮಿಕ್ಕ ರೈಲು ಪ್ರಯಾಣ! ಸಂಗ್ರಹದ ಹೊಣೆ ಪೋಲ್ಸನ್ ಕಂಪೆನಿಯದಾಯಿತು.

ಅಲ್ಲಿನ ರೈತನ ಮನೆಯಲ್ಲಿದ್ದದ್ದು ಒಂದೋ ಎರಡೋ ಎಮ್ಮೆ. ಹಾಲು ಭತ್ತದಂತಲ್ಲ, ಬೆಲೆ ಏರುವ ತನಕ ಕಣಜದಲ್ಲಿ ತುಂಬಿಡಲು ಬಾರದು. ಕೆಲವೇ ತಾಸುಗಳಲ್ಲಿ ಕೆಡುತ್ತದೆ. ಆದ್ದರಿಂದ ಗುತ್ತಿಗೆದಾರ ಹೇಳಿದ್ದೇ ಬೆಲೆ. ನಗರಕ್ಕೆ ಹಾಲು ಸಿಕ್ಕಿತು, ಲಾಭ ನಡುವಿನವರಿಗೆ ಸೇರಿತು.

ಸರ್ದಾರ್ ಪಟೇಲರ ಸಲಹೆಯಂತೆ 1946ರ ಜನವರಿ 4ರಂದು ಸಮರಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಮುಂದಾಳ್ತನದಲ್ಲಿ ರೈತರ ಸಭೆ ಸೇರಿತು. ಹದಿನೈದು ದಿನ ಅವರು ಹನಿ ಹಾಲನ್ನೂ ಮಾರಲಿಲ್ಲ. ಬಡವರಿಗೆ ಇದು ಸಣ್ಣ ತ್ಯಾಗವಲ್ಲ. ಕೊನೆಗೆ ಸರಕಾರವೇ ಮಣಿಯಿತು. ಅದೇ ವರ್ಷದ ಡಿಸೆಂಬರ್ 14ರಂದು ತ್ರಿಭುವನದಾಸ ಪಟೇಲರ ನೇತೃತ್ವದ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರಿ ಸಂಘ ನೋಂದಾವಣೆಯಾಯಿತು. 1948ರ ಜೂನಿನಲ್ಲಿ ಎರಡು ಹಳ್ಳಿಗಳ ಸಂಘಗಳಿಂದ ದಿನಕ್ಕೆ 250 ಲೀಟರಿನಷ್ಟು ಹಾಲು ಮುಂಬಯಿಗಾಗಿ ಹೊರಟಿತು. ಮುಂದೆ ಅಮುಲ್ ಎಂದು ಹೆಸರಾದದ್ದು ಇದೇ.

ಆದರೂ ಕಷ್ಟ ಹರಿಯಲಿಲ್ಲ. ಚಳಿಗಾಲದಲ್ಲಿ ಎಮ್ಮೆ ಹೆಚ್ಚು ಕರೆಯುತ್ತದೆ. ಮುಂಬಯಿಗೆ ಬೇಕಾದದ್ದು ವರ್ಷವಿಡೀ ಒಂದೇ ಪ್ರಮಾಣ. ಮಿಕ್ಕ ಹಾಲು ಎಲ್ಲಿಗೆ? ಉತ್ತರವಾಗಿ 1955ರಲ್ಲಿ ಆಣಂದದಲ್ಲಿ ಎಮ್ಮೆಹಾಲಿನ ಪುಡಿ ತಯಾರಾಗತೊಡಗಿತು. ವರ್ಗೀಸ್ ಕುರಿಯನ್ ಮತ್ತು ಎಚ್. ಎಂ. ದಲಾಯಾ ಅವರ ಸಾಧನೆಯಿದು.

ಇತ್ತ ನಮ್ಮ ಗೋರೆಗಾಂವದಲ್ಲಿ ದಾರಾ ಖುರೋಡಿಯವರು ನಗರದ ಎಮ್ಮೆಗಳಿಗೆ ಆರೇ ಕಾಲನಿ ಕಟ್ಟಿಸಿದರು. 1951ರಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ನಗರದ ಹಿತ ಕಂಡ ಖುರೋಡಿಯವರಿಗೂ ಹಳ್ಳಿಯ ಹಿತ ಕಂಡ ಕುರಿಯನ್, ತ್ರಿಭುವನದಾಸರಿಗೂ 1963ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಒಟ್ಟಾಗಿಯೇ ಸಂದಿತು. ಹಾಲಿಗೆ ಈ ಎರಡು ದಡಗಳೂ ಬೇಕಷ್ಟೆ.

ಆಣಂದದ ಮಾದರಿ 1970ರ ಬಳಿಕ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ 1984ರಲ್ಲಿ ಹಾಲು ಮಹಾಮಂಡಳ ರೂಪುಗೊಂಡಿತು. ಅದರ ‘ನಂದಿನಿ’ ನಮ್ಮೂರ ಮನೆಮಾತಾಯಿತು. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ 1976ರಲ್ಲಿ ‘ಮಂಥನ್’ ಚಿತ್ರ ಮಾಡಿಸಿದಾಗ ಅದರ ಪಶುವೈದ್ಯನಾದವರು ನಮ್ಮ ಗಿರೀಶ ಕಾರ್ನಾಡರು.

ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. 2018ರ ಜುಲೈಯಲ್ಲಿ ಮಹಾರಾಷ್ಟ್ರದ ರೈತರು ರಾಜು ಶೆಟ್ಟಿಯವರ ನಾಯಕತ್ವದಲ್ಲಿ ಮುಂಬಯಿಗೆ ಹೋಗುವ ಹಾಲನ್ನು ತಡೆದರು. ಲೀಟರಿಗೆ 25 ರೂಪಾಯಿ ಕೊಡಿಸಲು ಸರಕಾರ ಒಪ್ಪಿದ ಮೇಲೆಯೇ ಅವರು ಚಳವಳಿ ನಿಲ್ಲಿಸಿದ್ದು. ಎಪ್ಪತ್ತೆರಡು ವರ್ಷಗಳ ಬಳಿಕವೂ ಹೋರಾಟ ಅದೇ: ಹಿಂಡಿ, ಹುಲ್ಲಿನ ಖರ್ಚು ರೈತನದು, ಬೆಲೆ ಕಟ್ಟುವವರು ಬೇರೆಯವರು.

ಹಾಲಿನ ದರ ಒಂದು ರೂಪಾಯಿ ಏರಿದರೆ ನಾವು ಗೊಣಗುತ್ತೇವೆ. ಹೊಟೇಲು ನಡೆಸುವ ನಮ್ಮವರಿಗೆ ಅದು ನಿಜವಾದ ಹೊರೆಯೂ ಹೌದು. ಆದರೆ ಆ ರೂಪಾಯಿಯಲ್ಲಿ ಹಟ್ಟಿಗೆ ತಲುಪುವುದೆಷ್ಟು ಎಂದೂ ಕೇಳೋಣ. ನಮ್ಮಲ್ಲಿ ಎಷ್ಟೋ ಜನರ ಹಿರಿಯರು ಅಂಥ ಹಟ್ಟಿಯಿಂದಲೇ ಹೊರಟು ಬಂದವರಲ್ಲವೆ?