‘ಗೆಲ್ಲುವ ಕುದುರೆ’ ಅಲ್ಲದವರ ಪರ ನಿಲ್ಲುವುದು ಹೇಗೆ? ಉಡುಪಿ, ಕಾಪು, ಕಾರ್ಕಳದ ಲೆಕ್ಕಾಚಾರ

“ಅವರು ಒಳ್ಳೆಯವರೇ ಮಾರಾಯ್ರೆ, ಆದರೆ ಗೆಲ್ಲುವುದಿಲ್ಲ. ವೋಟು ಯಾಕೆ ಹಾಳು ಮಾಡ್ತೀರಿ?” ಕರಾವಳಿಯಲ್ಲಿ ಯಾವ ಚುನಾವಣೆ ಬಂದರೂ ಈ ಮಾತು ಬಂದೇ ಬರುತ್ತದೆ. ಟಿಕೆಟ್ ಹಂಚುವ ಪಕ್ಷಗಳೂ ಇದನ್ನೇ ಬೇರೆ ಪದಗಳಲ್ಲಿ ಹೇಳುತ್ತವೆ: “ನಮಗೆ ಗೆಲ್ಲುವ ಕುದುರೆ ಬೇಕು.” ಮೊದಲ ಬಾರಿ ವೋಟು ಹಾಕುವ ಹುಡುಗ ಹುಡುಗಿಯರಿಗೆ ಇದು ದೊಡ್ಡ ಗೊಂದಲ. ಮನಸ್ಸಿಗೆ ಒಪ್ಪಿದ ಅಭ್ಯರ್ಥಿ ಸೋಲುವುದು ಖಚಿತ ಅನ್ನಿಸಿದರೆ ಏನು ಮಾಡಬೇಕು? ಅವರ ಪರ ಕೆಲಸ ಮಾಡಿದರೆ ಏನಾದರೂ ಪ್ರಯೋಜನ ಇದೆಯೇ? ಮಾಡುವುದಿದ್ದರೆ ಎಲ್ಲಿಂದ ಶುರು ಮಾಡಬೇಕು? ಉಡುಪಿ ಜಿಲ್ಲೆಯ ಚುನಾವಣಾ ಚರಿತ್ರೆಯನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ನೋಡೋಣ.

‘ಅಂಡರ್‌ಡಾಗ್’ ಅಂದರೆ ಯಾರು?

ಉಡುಪಿಯಲ್ಲಿ ಇವತ್ತು ದುರ್ಬಲ ಪಕ್ಷ ಯಾವುದು ಅಂತ ಕೇಳಿದರೆ ಯಾರೂ ಯೋಚಿಸದೆ ಉತ್ತರ ಹೇಳುತ್ತಾರೆ. 2023ರಲ್ಲಿ ಜಿಲ್ಲೆಯ ಐದಕ್ಕೆ ಐದೂ ವಿಧಾನಸಭಾ ಕ್ಷೇತ್ರಗಳನ್ನು ಬಿಜೆಪಿ ಗೆದ್ದಿದೆ. ಆದರೆ 1968ರಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ತಲೆಕೆಳಗಾಗಿರುತ್ತಿತ್ತು. ಆಗಿನ ಮೈಸೂರು ರಾಜ್ಯದಲ್ಲಿ ಭಾರತೀಯ ಜನಸಂಘದ ಶಾಸಕರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥ ಹೊತ್ತಿನಲ್ಲಿ ಆ ಪಕ್ಷ ಉಡುಪಿ ಪುರಸಭೆಯ ಅಧಿಕಾರ ಹಿಡಿಯಿತು. ಮೂವತ್ತು ವರ್ಷ ಕೂಡ ತುಂಬಿರದ ವೈದ್ಯ ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಉಡುಪಿ ಪುರಸಭೆ ನಿಲ್ಲಿಸಿದ್ದು ಅವರ ಅವಧಿಯಲ್ಲಿ. ಇದರ ವಿರುದ್ಧ ದೇಶಮಟ್ಟದ ಕಾನೂನು ಬಂದಿದ್ದು 1993ರಲ್ಲಿ. ಆಚಾರ್ಯರ ಸಿದ್ಧಾಂತವನ್ನು ನೀವು ಒಪ್ಪಿ, ಬಿಡಿ. ಒಂದು ಸಣ್ಣ ಪಕ್ಷ ಒಂದು ಪುಟ್ಟ ಊರಿನ ಪುರಸಭೆಯಿಂದ ಏನು ಮಾಡಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಹಾಗಾಗಿ ಅಂಡರ್‌ಡಾಗ್ ಅನ್ನುವುದು ಯಾವ ಪಕ್ಷಕ್ಕೂ ಶಾಶ್ವತವಾಗಿ ಅಂಟಿಕೊಂಡ ಹೆಸರಲ್ಲ. ಸ್ಥಳೀಯವಾಗಿ ಮೂರು ಬಗೆಯವರನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಪಕ್ಷವೇ ದುರ್ಬಲವಾಗಿರುವ ಕಡೆ ನಿಂತವರು. ಎರಡನೆಯದು, ಪಕ್ಷ ಬಲವಾಗಿದ್ದು ತಾವು ಮಾತ್ರ ಹೊಸಬರಾಗಿರುವವರು. 2023ರಲ್ಲಿ ಬೈಂದೂರಿನಲ್ಲಿ ಬಿಜೆಪಿ ತನ್ನ ಹಾಲಿ ಶಾಸಕರಿಗೆ ಟಿಕೆಟ್ ತಪ್ಪಿಸಿ, ಬರಿಗಾಲಲ್ಲೇ ಓಡಾಡುವ ಗುರುರಾಜ್ ಗಂಟಿಹೊಳೆ ಅವರನ್ನು ನಿಲ್ಲಿಸಿತು. ಅವರು 16,153 ಮತಗಳ ಅಂತರದಿಂದ ಗೆದ್ದರು. ವ್ಯಕ್ತಿ ಹೊಸಬರು ನಿಜ, ಆದರೆ ಬೆನ್ನಿಗೆ ಬೂತ್ ಮಟ್ಟದ ಸಂಘಟನೆ ಇತ್ತು. ಮೂರನೆಯವರು ಪಕ್ಷೇತರರು. ಇವರಿಗೆ ಎರಡೂ ಇರುವುದಿಲ್ಲ. ನೀವು ಬೆಂಬಲಿಸುವವರು ಈ ಮೂವರಲ್ಲಿ ಯಾರು ಅನ್ನುವುದರ ಮೇಲೆ ನಿಮ್ಮ ಕೆಲಸವೂ ಬದಲಾಗುತ್ತದೆ.

ಅಂತರ ಎಷ್ಟು ದೊಡ್ಡದು?

‘ಗೆಲ್ಲಲ್ಲ ಬಿಡಿ’ ಅನ್ನುವ ಮೊದಲು ಹಿಂದಿನ ಅಂಕಿಗಳನ್ನು ತೆಗೆದು ನೋಡಬೇಕು. ಕಾರ್ಕಳದ್ದು ಹೀಗಿದೆ:

• 2008: ಕಾಂಗ್ರೆಸ್ಸಿನ ಎಚ್. ಗೋಪಾಲ ಭಂಡಾರಿ 1,537 ಮತಗಳಿಂದ ಗೆಲುವು
• 2013: ಬಿಜೆಪಿಯ ವಿ. ಸುನಿಲ್ ಕುಮಾರ್ 4,254 ಮತಗಳಿಂದ ಗೆಲುವು
• 2018: ಸುನಿಲ್ ಕುಮಾರ್ 42,566 ಮತಗಳಿಂದ ಗೆಲುವು
• 2023: ಸುನಿಲ್ ಕುಮಾರ್ 4,602 ಮತಗಳಿಂದ ಗೆಲುವು

ಸಂಖ್ಯೆಯಲ್ಲಿ ತೀರಾ ಚಿಕ್ಕದಾದ ಸಮುದಾಯದಿಂದ ಬಂದ, ಸರಳ ವ್ಯಕ್ತಿ ಎಂದೇ ಹೆಸರಾಗಿದ್ದ ಗೋಪಾಲ ಭಂಡಾರಿ ಇಲ್ಲಿ 1999ರಲ್ಲೂ 2008ರಲ್ಲೂ ಗೆದ್ದಿದ್ದರು. ಜಾತಿ ಲೆಕ್ಕ ಮಾತ್ರ ಹಾಕುವವರು ಉತ್ತರಿಸಬೇಕಾದ ಉದಾಹರಣೆ ಇದು. ಇನ್ನು 2018ರ ಫಲಿತಾಂಶ ನೋಡಿ ‘ಇಲ್ಲಿ ಕತೆ ಮುಗಿಯಿತು’ ಅಂದುಕೊಂಡವರಿಗೆ 2023ರ ಕಾರ್ಕಳ ಬೇರೆಯದೇ ಹೇಳಿತು. ಕಾಂಗ್ರೆಸ್ಸಿನ ಮುನಿಯಾಲು ಉದಯ ಕುಮಾರ್ ಶೆಟ್ಟಿ 72,426 ಮತ ಪಡೆದರು, ಸುನಿಲ್ ಕುಮಾರ್ 77,028. ಐದೇ ವರ್ಷದಲ್ಲಿ ಅಂತರ ಸುಮಾರು ಒಂಬತ್ತನೇ ಒಂದಕ್ಕೆ ಇಳಿದಿತ್ತು.

ಕಾಪುವಿನ ಕತೆ ಇದಕ್ಕೆ ಉಲ್ಟಾ. 2013ರಲ್ಲಿ ಕಾಂಗ್ರೆಸ್ಸಿನ ವಿನಯ ಕುಮಾರ್ ಸೊರಕೆ ಗೆದ್ದಿದ್ದು 1,855 ಮತಗಳಿಂದ. 2018ರಲ್ಲಿ ಬಿಜೆಪಿಯ ಲಾಲಾಜಿ ಮೆಂಡನ್ ಎದುರು ಅವರು 11,917 ಮತಗಳಿಂದ ಸೋತರು. 2023ರಲ್ಲಿ ಗುರ್ಮೆ ಸುರೇಶ್ ಶೆಟ್ಟಿ ಎದುರು 13,004 ಮತಗಳಿಂದ ಸೋತರು. ಉಡುಪಿಯಲ್ಲಿ 2023ರ ಅಂತರ 32,776.

ಈ ಅಂಕಿಗಳನ್ನು ಬೂತ್ ಮಟ್ಟಕ್ಕೆ ಇಳಿಸಿ ನೋಡಿ. ಒಂದು ಕ್ಷೇತ್ರಕ್ಕೆ ಅಂದಾಜು 200 ಮತಗಟ್ಟೆ ಅಂತ ಇಟ್ಟುಕೊಳ್ಳೋಣ. ಒಬ್ಬ ಮತದಾರ ಆ ಕಡೆಯಿಂದ ಈ ಕಡೆಗೆ ಬಂದರೆ ಅಂತರ ಎರಡು ಮತ ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ 2023ರ ಕಾರ್ಕಳದ ಫಲಿತಾಂಶ ಬದಲಾಗಲು ಪ್ರತಿ ಬೂತಿನಲ್ಲಿ 12 ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. 2013ರ ಕಾಪುವಿನಲ್ಲಿ ಬೂತಿಗೆ ಐದು ಜನ. ಉಡುಪಿಯಲ್ಲಾದರೆ ಬೂತಿಗೆ 80ಕ್ಕೂ ಹೆಚ್ಚು ಜನ ಬೇಕು. ಮೂರನ್ನೂ ‘ಸೋತ ಸೀಟು’ ಅಂತ ಒಂದೇ ಸಾಲಿನಲ್ಲಿ ಇಡುವುದು ತಪ್ಪು. ಮೊದಲಿನ ಎರಡರಲ್ಲಿ ಕೊನೆಯ ಎರಡು ತಿಂಗಳ ದುಡಿಮೆ ಫಲಿತಾಂಶ ಬದಲಿಸಬಲ್ಲದು. ಮೂರನೆಯದಕ್ಕೆ ವರ್ಷಗಳ ಕೆಲಸ ಬೇಕು.

‘ವೋಟು ಒಡೆಯುತ್ತಾರೆ’ ಅನ್ನುವ ಆರೋಪ

ಮೂರನೇ ಅಭ್ಯರ್ಥಿ ನಿಂತ ಕೂಡಲೇ ಬರುವ ಆರೋಪ ಇದು. 2023ರ ಕಾರ್ಕಳದಲ್ಲಿ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಪಕ್ಷೇತರರಾಗಿ ನಿಂತಿದ್ದರು. ಅವರಿಗೆ ಬಂದಿದ್ದು 4,508 ಮತ, ಠೇವಣಿಯೂ ಹೋಯಿತು. ಗೆಲುವಿನ ಅಂತರ 4,602. ಅಂದರೆ ಅವರ ಅಷ್ಟೂ ಮತ ಎರಡನೇ ಸ್ಥಾನದವರಿಗೆ ಹೋಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ, 94 ಮತ ಕಡಿಮೆ ಬೀಳುತ್ತಿತ್ತು. ಅಷ್ಟು ಸದ್ದು ಮಾಡಿದ ಸ್ಪರ್ಧೆಯೂ ಲೆಕ್ಕದಲ್ಲಿ ನಿರ್ಣಾಯಕ ಆಗಲಿಲ್ಲ.

ಇದರರ್ಥ ಮತ ವಿಭಜನೆ ಅನ್ನುವುದೇ ಸುಳ್ಳು ಅಂತಲ್ಲ. ಒಂದು ಮತ ಹೆಚ್ಚು ಪಡೆದವರೂ ಗೆಲ್ಲುವ ವ್ಯವಸ್ಥೆ ನಮ್ಮದು. ನಿಮಗೆ ಖಂಡಿತ ಬೇಡವಾದವರು ಗೆಲ್ಲುವ ಹಾಗಿದ್ದು, ಹೋರಾಟ ಬಿಗಿಯಾಗಿದ್ದರೆ ಎರಡನೇ ಆಯ್ಕೆಗೆ ವೋಟು ಹಾಕುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಆ ತೀರ್ಮಾನ ವಾಟ್ಸಾಪ್ ಫಾರ್ವರ್ಡ್ ನೋಡಿ ಮಾಡುವಂಥದ್ದಲ್ಲ. ಹಿಂದಿನ ಎರಡು ಮೂರು ಚುನಾವಣೆಗಳ ಅಂತರ ನೋಡಿ ಮಾಡಬೇಕು.

ಕ್ಷೇತ್ರ ಚಿಕ್ಕದಾದಷ್ಟೂ ಅವಕಾಶ ಹೆಚ್ಚು

ಪಕ್ಷೇತರರು ಗೆಲ್ಲುವುದೇ ಇಲ್ಲ ಅನ್ನುವವರು ಬ್ರಹ್ಮಾವರವನ್ನು ನೆನಪಿಸಿಕೊಳ್ಳಬೇಕು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾದ ಈ ಕ್ಷೇತ್ರದಿಂದ ಕೆ. ಜಯಪ್ರಕಾಶ್ ಹೆಗ್ಡೆ 1999 ಮತ್ತು 2004ರಲ್ಲಿ ಪಕ್ಷೇತರರಾಗಿಯೇ ವಿಧಾನಸಭೆಗೆ ಹೋದರು. ಅವರು ಪೂರ್ತಿ ಹೊಸಬರಲ್ಲ, ಅದಕ್ಕೂ ಮೊದಲು ಜನತಾದಳದಿಂದ ಶಾಸಕರಾಗಿ, ಮಂತ್ರಿಯೂ ಆಗಿದ್ದವರು. ಚಿಹ್ನೆ ಹೋದರೂ ಪರಿಚಯ ಉಳಿದಿತ್ತು.

ಆ ಪರಿಚಯವನ್ನು ಹೊಸಬರು ಎಲ್ಲಿ ಕಟ್ಟಿಕೊಳ್ಳಬೇಕು? ವಾರ್ಡಿನಲ್ಲಿ. 2021ರ ಡಿಸೆಂಬರ್‌ನಲ್ಲಿ ನಡೆದ ಕಾಪು ಪುರಸಭೆ ಚುನಾವಣೆಯ 23 ವಾರ್ಡ್‌ಗಳಲ್ಲಿ ಬಿಜೆಪಿ 12, ಕಾಂಗ್ರೆಸ್ 7, ಎಸ್‌ಡಿಪಿಐ 3, ಜೆಡಿಎಸ್ 1 ಗೆದ್ದವು. ಸರಳ ಬಹುಮತಕ್ಕೆ ಬೇಕಾದ್ದು ಸರಿಯಾಗಿ 12. ವಿಧಾನಸಭೆಯಲ್ಲಿ ಇಲ್ಲಿಂದ ಗೆಲ್ಲುವ ಕನಸೂ ಕಾಣದ ಪಕ್ಷಗಳಿಗೂ ವಾರ್ಡ್ ಮಟ್ಟದಲ್ಲಿ ಸೀಟು ಸಿಕ್ಕಿತು.

2018ರಲ್ಲಿ ಕಾರ್ಕಳ ಪುರಸಭೆಯ 23 ವಾರ್ಡ್‌ಗಳಲ್ಲಿ ಬಿಜೆಪಿ 11, ಕಾಂಗ್ರೆಸ್ 11, ಪಕ್ಷೇತರ 1. ಕೇಳಲಿಕ್ಕೆ ಸಮಬಲ. ಆದರೆ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಇರುತ್ತದೆ, ಆಗ ಇಬ್ಬರೂ ಬಿಜೆಪಿಯವರು. ಹಾಗಾಗಿ ನಿಜವಾದ ಲೆಕ್ಕ 13ಕ್ಕೆ 11. ಒಂದೇ ಒಂದು ವಾರ್ಡ್ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ 12ಕ್ಕೆ 12 ಆಗಿ, ಪಕ್ಷೇತರ ಸದಸ್ಯರ ಕೈಗೆ ಕೀಲಿ ಹೋಗುತ್ತಿತ್ತು. ಒಂದು ವಾರ್ಡಿನ ಕೆಲವು ಮನೆಗಳು ಇಡೀ ಊರಿನ ಆಡಳಿತ ಯಾರದ್ದು ಅಂತ ತೀರ್ಮಾನಿಸುವುದು ಹೀಗೆ.

ಅದೇ ವರ್ಷ ಮಣಿಪಾಲವೂ ಸೇರಿರುವ ಉಡುಪಿ ನಗರಸಭೆಯ 35 ವಾರ್ಡ್‌ಗಳಲ್ಲಿ ಬಿಜೆಪಿಗೆ 31, ಕಾಂಗ್ರೆಸ್ಸಿಗೆ 4 ಬಂದವು. ಇಂಥ ಕಡೆ ದುರ್ಬಲ ಪಕ್ಷದ ಅಭ್ಯರ್ಥಿಯೊಬ್ಬರನ್ನು ಗೆಲ್ಲಿಸಿದರೆ ಅಧಿಕಾರ ಬದಲಾಗುವುದಿಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ಬಿಲ್ಲು, ಟೆಂಡರ್, ಕಸ ವಿಲೇವಾರಿ ಬಗ್ಗೆ ಪ್ರಶ್ನೆ ಕೇಳುವ ದನಿಗಳು ನಾಲ್ಕರಿಂದ ಐದಾಗುತ್ತವೆ. ಅದು ಸಣ್ಣ ಸಂಗತಿಯಲ್ಲ.

ನೀವು ಮಾಡಬಹುದಾದ ಕೆಲಸ

ರೀಲ್ಸ್ ಶೇರ್ ಮಾಡುವುದು ಸುಲಭ. ಅದನ್ನು ನೋಡುವವರಲ್ಲಿ ನಿಮ್ಮ ವಾರ್ಡಿನವರು ಎಷ್ಟು ಜನ ಅನ್ನುವುದು ಪ್ರಶ್ನೆ. ಜನ, ಹಣ ಎರಡೂ ಕಡಿಮೆ ಇರುವ ಅಭ್ಯರ್ಥಿಗೆ ಬೇಕಾದ್ದು ಇವು:

ಮತದಾರರ ಪಟ್ಟಿ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ಫಾರ್ಮ್ 8. ವಿಧಾನಸಭಾ ಪಟ್ಟಿಗೆ 18 ತುಂಬಿದವರು ಸೇರಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮಣಿಪಾಲದ ಹಾಸ್ಟೆಲ್‌ಗಳಲ್ಲಿರುವ ವಿದ್ಯಾರ್ಥಿಗಳು ಊರಿನಲ್ಲಾದರೂ ಇಲ್ಲಾದರೂ, ಒಂದು ಕಡೆ ಮಾತ್ರ, ಹೆಸರು ಸೇರಿಸಬಹುದು. ಇಲ್ಲೇ ಮೂರು ನಾಲ್ಕು ವರ್ಷ ಇರುವವರು ಇಲ್ಲಿನ ನೀರು, ರಸ್ತೆ, ಬಸ್ಸಿನ ಬಗ್ಗೆ ಮಾತಾಡುವುದಾದರೆ ಇದನ್ನು ಯೋಚಿಸಬೇಕು.

ಸೂಚಕರು. ವಿಧಾನಸಭೆಗೆ ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸಿಂಧುವಾದ ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬಾರದಿದ್ದರೆ ಅದು ವಾಪಸ್ ಇಲ್ಲ.

ಮತಗಟ್ಟೆ ಏಜೆಂಟ್. ಸಣ್ಣ ಅಭ್ಯರ್ಥಿಗಳು ಹೆಚ್ಚಾಗಿ ಸೋಲುವುದು ಇಲ್ಲಿ, ಕೂರಲಿಕ್ಕೆ ಜನವೇ ಇರುವುದಿಲ್ಲ. ಮತದಾನಕ್ಕೆ ಮೊದಲು ನಡೆಯುವ ಕನಿಷ್ಠ 50 ಮತಗಳ ಅಣಕು ಮತದಾನ ನೋಡುವುದು, ಯಾರು ಬಂದರು ಯಾರು ಬಂದಿಲ್ಲ ಅಂತ ಗುರುತು ಹಾಕುವುದು, ಕೊನೆಗೆ ಚಲಾವಣೆಯಾದ ಮತಗಳ ಲೆಕ್ಕ ಇರುವ ಫಾರ್ಮ್ 17ಸಿ ಪ್ರತಿ ಪಡೆಯುವುದು ಏಜೆಂಟರ ಕೆಲಸ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವ ಒಬ್ಬರು ಸಾವಿರ ಲೈಕ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಖರ್ಚು. ಉತ್ಸಾಹದಲ್ಲಿ ಸ್ವಂತ ದುಡ್ಡಿನಿಂದ ಬ್ಯಾನರ್, ಜಾಹೀರಾತು ಹಾಕಿಸಬೇಡಿ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಪ್ರಚಾರಕ್ಕೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 176ರ ಪ್ರಕಾರ ಅಪರಾಧ, 10,000 ರೂಪಾಯಿವರೆಗೆ ದಂಡ ಇದೆ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ವಿಧಾನಸಭೆ ಅಭ್ಯರ್ಥಿ ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಲೆಕ್ಕ ಬರೆಯಬಲ್ಲ ಒಬ್ಬ ಬಿಕಾಂ ವಿದ್ಯಾರ್ಥಿ ಸಿಕ್ಕರೆ ಅಭ್ಯರ್ಥಿಯ ಅರ್ಧ ತಲೆನೋವು ಕಡಿಮೆ.

ಅಫಿಡವಿಟ್. ಸೋಲುವವರೆಲ್ಲ ಒಳ್ಳೆಯವರು ಅಂತ ಎಲ್ಲೂ ಬರೆದಿಲ್ಲ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ನಾಮಪತ್ರದ ಜೊತೆಗೆ ಸಿಗುತ್ತದೆ. ಬೇರೆಯವರದ್ದನ್ನು ಓದುವ ಮೊದಲು ನಿಮ್ಮ ಅಭ್ಯರ್ಥಿಯದ್ದನ್ನು ಓದಿ.

ಸೋತ ಮರುದಿನ

ಬ್ರಹ್ಮಾವರದಲ್ಲಿ ಹೆಗ್ಡೆಯವರ ಎದುರು ವಿಧಾನಸಭೆಗೆ ನಿಂತು ಸೋತವರು ಗ್ರಾಮ ಪಂಚಾಯತ್‌ನಿಂದ ರಾಜಕೀಯ ಶುರು ಮಾಡಿದ್ದ ಕೋಟ ಶ್ರೀನಿವಾಸ ಪೂಜಾರಿ. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಹೆಗ್ಡೆಯವರನ್ನು ಅವರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಹೆಗ್ಡೆಯವರೂ 2009ರಲ್ಲಿ ಡಿ.ವಿ. ಸದಾನಂದ ಗೌಡರ ಎದುರು ಸೋತು, 2012ರ ಮಾರ್ಚ್‌ನ ಉಪಚುನಾವಣೆಯಲ್ಲಿ ಇದೇ ಉಡುಪಿ-ಚಿಕ್ಕಮಗಳೂರು ಕ್ಷೇತ್ರವನ್ನು ಕಾಂಗ್ರೆಸ್ಸಿಗೆ ಗೆದ್ದುಕೊಟ್ಟಿದ್ದರು. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ. ಇಬ್ಬರ ಪಾಲಿಗೂ ಸೋಲು ಕೊನೆಯಾಗಲಿಲ್ಲ, ಏಕೆಂದರೆ ಇಬ್ಬರೂ ನಡುವಿನ ವರ್ಷಗಳಲ್ಲಿ ಮನೆಗೆ ಹೋಗಿ ಕೂರಲಿಲ್ಲ.

ಬೆಂಬಲಿಗರ ವಿಷಯದಲ್ಲೂ ಇದೇ ನಿಜ. ಹದಿನೈದು ದಿನ ಓಡಾಡಿ, ಫಲಿತಾಂಶದ ದಿನ ‘ಜನ ಸರಿ ಇಲ್ಲ’ ಅಂತ ಪೋಸ್ಟ್ ಹಾಕಿ ಮಾಯವಾದರೆ ಮುಂದಿನ ಬಾರಿ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ. ಸೋತ ಅಭ್ಯರ್ಥಿಯ ಜೊತೆ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗುವುದು, ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ದಾಖಲೆ ಕೇಳುವುದು, ಬೂತ್‌ವಾರು ಫಲಿತಾಂಶ ತೆಗೆದು ಎಲ್ಲಿ ಎಷ್ಟು ಬಂತು ಅಂತ ಗುರುತು ಮಾಡಿಟ್ಟುಕೊಳ್ಳುವುದು ಪ್ರಚಾರಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ.

ಚುನಾವಣೆಯೇ ನಡೆಯದಿದ್ದರೆ? ಅದು ಇನ್ನೂ ದೊಡ್ಡ ಪೆಟ್ಟು. ರಾಜ್ಯದಲ್ಲಿ ತಾಲೂಕು, ಜಿಲ್ಲಾ ಪಂಚಾಯತ್ ಚುನಾವಣೆ ನಡೆದಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಹಣ, ಹೆಸರು ಇಲ್ಲದವರು ಮೇಲೆ ಬರುವ ಮೆಟ್ಟಿಲುಗಳೇ ಇವು. ದೊಡ್ಡವರಿಗೆ ವಿಧಾನಸಭೆಯ ಬಾಗಿಲು ಹೇಗೂ ತೆರೆದಿರುತ್ತದೆ. ಸ್ಥಳೀಯ ಚುನಾವಣೆ ಮುಂದೂಡಿದಾಗಲೆಲ್ಲ ನಷ್ಟ ಆಗುವುದು ಮೊದಲ ಬಾರಿ ನಿಲ್ಲಬೇಕೆಂದಿರುವವರಿಗೆ. ಆದ್ದರಿಂದ ಅಂಥವರ ಪರ ಇರುವವರು ಮೊದಲು ಎತ್ತಬೇಕಾದ ಬೇಡಿಕೆ, ಚುನಾವಣೆ ಸಕಾಲಕ್ಕೆ ನಡೆಯಲಿ ಅನ್ನುವುದು.

ಕೊನೆಗೊಂದು ವಿಷಯ. ಪಂಚಾಯತ್, ಪುರಸಭೆ, ನಗರಸಭೆಗೆ ನಿಲ್ಲಲು 21 ವರ್ಷ ತುಂಬಿದ್ದರೆ ಸಾಕು. ವಾರ್ಡಿನಲ್ಲಿ ಬೆಂಬಲಿಸಲು ಯೋಗ್ಯರಾದವರು ಯಾರೂ ಕಾಣದಿದ್ದರೆ, ಆ ಹತ್ತು ಮನೆಗಳ ಬಾಗಿಲು ತಟ್ಟಬೇಕಾದವರು ನೀವೇ ಇರಬಹುದು.