ಮರಗೆಣಸು ನಮ್ಮ ಅಡುಗೆಮನೆಗೆ ಬಂದ ಕಥೆ



ಚರಿತ್ರೆ ಎಂದ ಕೂಡಲೇ ನಮಗೆ ರಾಜರು, ಕೋಟೆಗಳು, ಯುದ್ಧದ ಇಸವಿಗಳು ನೆನಪಾಗುತ್ತವೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೂ ಅವನ್ನೇ. ಈ ಸಲ ನಾವು ಯುವಕ ಸಂಘದವರು ಚರಿತ್ರೆಯನ್ನು ಅಡುಗೆಮನೆಯಲ್ಲಿ ಹುಡುಕಿದ್ದೇವೆ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಸಂಜೆ ಚಹಾದ ಜೊತೆ ಬರುವ, ಭಾನುವಾರ ಬೂತಾಯಿ ಸಾರಿನ ಪಕ್ಕದಲ್ಲಿ ಕೂರುವ ಮರಗೆಣಸಿನ ಕಥೆ ಇದು. ಮಲಯಾಳದವರಿಗೆ ಇದು ಕಪ್ಪ, ತುಳುವಿನಲ್ಲಿ ಮರಕೆರೆಂಗ್. ಹೆಸರು ಯಾವುದಾದರೂ ಗಿಡ ಒಂದೇ, ಅದು ನಮ್ಮ ದೇಶದ್ದಲ್ಲ.

ಕಡಿಮೆ ಹಣಕ್ಕೆ ಹೊಟ್ಟೆ ತುಂಬಿಸುವ ಈ ಗೆಡ್ಡೆಗೆ "ಬಡವರ ಊಟ" ಎಂಬ ಹೆಸರು ಅಂಟಿಕೊಂಡಿದೆ. ಕಾಲೇಜಿಗೆ ಬುತ್ತಿಯಲ್ಲಿ ಮರಗೆಣಸು ಒಯ್ಯಲು ನಮ್ಮಲ್ಲಿ ಕೆಲವರಿಗೆ ಈಗಲೂ ನಾಚಿಕೆ. ಇದರ ಹಿಂದಿನ ದಾರಿ ಗೊತ್ತಾದರೆ ಆ ನಾಚಿಕೆ ಸ್ವಲ್ಪ ಕಡಿಮೆಯಾದೀತು ಎಂಬುದು ನಮ್ಮ ಆಸೆ.

ಬ್ರೆಜಿಲಿನ ಕಾಡಿನಿಂದ

ಮರಗೆಣಸಿನ ತವರು ದಕ್ಷಿಣ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಇದನ್ನು ಬೆಳೆಯುತ್ತಿದ್ದರು. "ಟಾಪಿಯೋಕ" ಎಂಬ ಪದವೇ ಬ್ರೆಜಿಲಿನ ತುಪಿ ಜನರ ಭಾಷೆಯದು. ಆದರೆ ಈ ಗೆಡ್ಡೆಯೊಳಗೆ ಒಂದು ಅಪಾಯ ಅಡಗಿದೆ. ಅದರಲ್ಲಿರುವ ಲಿನಮಾರಿನ್ ಎಂಬ ವಸ್ತು, ಗೆಡ್ಡೆಯನ್ನು ಕತ್ತರಿಸಿದಾಗ ಅಥವಾ ತುರಿದಾಗ ಗೆಡ್ಡೆಯದೇ ಒಂದು ಕಿಣ್ವದ ಜೊತೆ ಸೇರಿ ಒಡೆಯುತ್ತದೆ. ಆಗ ಹೊರಬರುವುದು ಹೈಡ್ರೋಜನ್ ಸಯನೈಡ್ ಎಂಬ ವಿಷ. ಕಹಿ ಜಾತಿಗಳಲ್ಲಿ ಇದು ಹೆಚ್ಚು, ನಾವು ತಿನ್ನುವ ಸಿಹಿ ಜಾತಿಗಳಲ್ಲಿ ಕಡಿಮೆ. ಸಿಪ್ಪೆಯಲ್ಲಿ ಮತ್ತು ಎಲೆಯಲ್ಲಿ ತಿರುಳಿಗಿಂತ ಹೆಚ್ಚು. ಮರಗೆಣಸಿನ ಸೊಪ್ಪಿಗೆ ಬಾಯಿ ಹಾಕದಂತೆ ಆಡು, ದನಗಳನ್ನು ಕಟ್ಟಿಹಾಕುವುದು ಇದೇ ಕಾರಣಕ್ಕೆ.

ರಸಾಯನಶಾಸ್ತ್ರದ ಪುಸ್ತಕವಿಲ್ಲದೆಯೇ ಆ ಜನ ಇದಕ್ಕೆ ಉಪಾಯ ಕಂಡುಕೊಂಡರು. ಗೆಡ್ಡೆಯನ್ನು ತುರಿದು, "ತಿಪಿತಿ" ಎಂಬ ಹೆಣೆದ ಉದ್ದ ಚೀಲದಲ್ಲಿ ತುಂಬಿಸಿ ನೇತುಹಾಕಿ ಕೆಳಗೆ ಎಳೆಯುತ್ತಿದ್ದರು. ಎಳೆದಂತೆ ಚೀಲ ಉದ್ದವಾಗಿ ಸಪೂರವಾಗುತ್ತದೆ, ವಿಷದ ರಸ ಹಿಂಡಿ ಹೋಗುತ್ತದೆ. ಉಳಿದ ಹಿಟ್ಟನ್ನು ಅಗಲವಾದ ಹಂಚಿನ ಮೇಲೆ ಹುರಿದರೆ ತಿಂಗಳುಗಟ್ಟಲೆ ಕೆಡದ ಆಹಾರ ಸಿದ್ಧ. ಅಡುಗೆಮನೆಗೆ ಯಾವ ಸಾಮಾನು ಬೇಕು ಎಂಬುದನ್ನು ಅಲ್ಲಿ ಆ ಗೆಡ್ಡೆಯೇ ತೀರ್ಮಾನಿಸಿತು ಎನ್ನಬಹುದು.

ಪೋರ್ಚುಗೀಸರ ಹಡಗುಗಳು ಮೆಣಸಿನಕಾಯಿ, ಗೇರು, ಅನಾನಸು ತಂದಂತೆಯೇ ಮರಗೆಣಸನ್ನೂ ಆಫ್ರಿಕಕ್ಕೆ, ಮುಂದೆ ಸುಮಾರು 17ನೆಯ ಶತಮಾನದಲ್ಲಿ ಕೇರಳದ ಕರಾವಳಿಗೆ ತಂದವು. ಮಲಯಾಳದಲ್ಲಿ ಕಪ್ಪಲ್ ಎಂದರೆ ಹಡಗು. ಹಡಗಿನಲ್ಲಿ ಬಂದದ್ದರಿಂದಲೇ ಕಪ್ಪ ಎಂಬ ಹೆಸರು ಬಂತು ಎನ್ನುವವರಿದ್ದಾರೆ.

ಗೆಡ್ಡೆಗಾಗಿ ತಲೆಕೆಡಿಸಿಕೊಂಡ ಮಹಾರಾಜ

ಬಂದ ಕೂಡಲೇ ಜನ ಇದನ್ನು ಸ್ವೀಕರಿಸಲಿಲ್ಲ. ಅಕ್ಕಿ ತಿನ್ನುವವರಿಗೆ ಗೆಡ್ಡೆ ಎಂದರೆ ಅಷ್ಟಕ್ಕಷ್ಟೆ, ಜೊತೆಗೆ ವಿಷದ ಭಯ. 1880ರಿಂದ 1885ರವರೆಗೆ ತಿರುವಿದಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಸಸ್ಯಶಾಸ್ತ್ರದಲ್ಲಿ ಬಹಳ ಆಸಕ್ತಿಯಿದ್ದವರು. ಬರಗಾಲದಲ್ಲಿ ಜನರಿಗೆ ಅಕ್ಕಿಯ ಬದಲು ಏನಾದರೂ ಇರಬೇಕು ಎಂದು ಅವರು ಹೊರದೇಶದಿಂದ ಒಳ್ಳೆಯ ತಳಿಗಳನ್ನು ತರಿಸಿ ಬೆಳೆಸಲು ಪ್ರೋತ್ಸಾಹ ಕೊಟ್ಟರು. ಜನರ ಭಯ ಹೋಗಲಾಡಿಸಲು ಅರಮನೆಯಲ್ಲೇ ಮರಗೆಣಸು ಬೇಯಿಸಿ ತಾವೇ ಉಂಡರು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ತಿರುವನಂತಪುರದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ತಾನು ಬಿಡುಗಡೆ ಮಾಡಿದ ಒಂದು ತಳಿಗೆ "ಶ್ರೀ ವಿಶಾಖಂ" ಎಂದೇ ಹೆಸರಿಟ್ಟಿದೆ.

ಅಕ್ಕಿ ಹಡಗು ಬಾರದ ವರ್ಷ

ಮರಗೆಣಸು ನಿಜವಾಗಿ ಮನೆಮನೆಗೆ ಹೊಕ್ಕಿದ್ದು ಎರಡನೆಯ ಮಹಾಯುದ್ಧದಲ್ಲಿ. ತಿರುವಿದಾಂಕೂರು, ಕೊಚ್ಚಿ, ಮಲಬಾರಿನ ಜನ ತಿನ್ನುವ ಅಕ್ಕಿಯ ದೊಡ್ಡ ಪಾಲು ಹೊರಗಿನಿಂದ, ಮುಖ್ಯವಾಗಿ ಬರ್ಮಾದಿಂದ ಬರುತ್ತಿತ್ತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಅಕ್ಕಿ ಹಡಗು ನಿಂತೇಹೋಯಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಕೇರಳದ ಕಡೆಯೂ ಅನ್ನ ಕಂಡವರು ಅದೃಷ್ಟವಂತರು ಎಂಬ ಕಾಲ. ಸರ್ಕಾರ ಹೆಚ್ಚು ಆಹಾರ ಬೆಳೆಯಿರಿ ಎಂದು ಕರೆಕೊಟ್ಟಿತು. ಗೊಬ್ಬರ, ನೀರು ಹೆಚ್ಚು ಕೇಳದ, ಗುಡ್ಡದ ಬರಡು ಮಣ್ಣಿನಲ್ಲೂ ಬರುವ ಮರಗೆಣಸು ಆಗ ಕೈಹಿಡಿಯಿತು.

ಅದೇ ಹೊತ್ತಿಗೆ ಇನ್ನೊಂದು ಘಟನೆ ನಡೆಯುತ್ತಿತ್ತು. ತಿರುವಿದಾಂಕೂರಿನಲ್ಲಿ ಜಮೀನು ಸಾಲದೆ, ಹೊಟ್ಟೆಗೂ ಸಾಲದೆ, ಸಾವಿರಾರು ಕುಟುಂಬಗಳು ಉತ್ತರಕ್ಕೆ ವಲಸೆ ಹೊರಟವು. ಅವರಲ್ಲಿ ಹೆಚ್ಚಿನವರು ಸಿರಿಯನ್ ಕ್ರೈಸ್ತರು. ವಯನಾಡು, ಕಣ್ಣೂರಿನ ಗುಡ್ಡಗಳ ಜೊತೆಗೆ ನಮ್ಮ ಮೂಡುಬದಿಯ ಗುಡ್ಡಗಳಿಗೂ ಬಂದರು. ಕೋಟ್ಟಯಂ ಧರ್ಮಪ್ರಾಂತ್ಯದ ಕುಟುಂಬಗಳು 1943ರಲ್ಲಿ ಬಂದು ನೆಲೆಸಿದ ರಾಜಪುರಂ ನಮಗೆಲ್ಲ ಗೊತ್ತಿರುವ ಊರು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು.

ವಲಸೆ ಬಂದವರಿಗೆ ಕಾಡಿನಲ್ಲಿ ಮೊದಲು ಸಿಕ್ಕಿದ್ದು ಮಲೇರಿಯಾ, ಕಾಡುಹಂದಿ ಮತ್ತು ಮಳೆ. ಜ್ವರದಿಂದ ತೀರಿಹೋದವರ ಸಮಾಧಿಗಳು ಆ ಕಡೆಯ ಹಳೆಯ ಚರ್ಚುಗಳ ಪಕ್ಕದಲ್ಲಿವೆ. ರಬ್ಬರು, ಕರಿಮೆಣಸು ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು. ಮರಗೆಣಸಿನ ಕೋಲನ್ನು ಗೇಣುದ್ದ ಕಡಿದು ಊರಿದರೆ ಎಂಟು ಹತ್ತು ತಿಂಗಳಲ್ಲಿ ಗೆಡ್ಡೆ ಸಿಗುತ್ತದೆ. ಬೀಜಕ್ಕೆ ಖರ್ಚಿಲ್ಲ.

ಕಿತ್ತ ಗೆಡ್ಡೆ ಎರಡು ಮೂರು ದಿನದಲ್ಲಿ ಕಪ್ಪಾಗಿ ಕೆಡುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ, ಒಣಗಿಸಿಡುವುದು. ಸಿಪ್ಪೆ ಸುಲಿದು, ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಅರ್ಧ ಬೇಯಿಸಿ, ನೀರು ಬಸಿದು, ಬಂಡೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದರು. ಒಂದೇ ಮನೆಯವರಿಂದ ಆಗುವ ಕೆಲಸ ಇದಲ್ಲ. ಇಂದು ಈ ಮನೆ, ನಾಳೆ ಆ ಮನೆ ಎಂದು ನೆರೆಕರೆಯವರೆಲ್ಲ ಸೇರಿ ಮಾಡುತ್ತಿದ್ದರು. ಹೀಗೆ ಒಣಗಿಸಿದ "ವಾಟ್ಟುಕಪ್ಪ" ಮಳೆಗಾಲದ ಹಸಿವನ್ನು ತಡೆಯಿತು.

ಈ ಕಥೆಗೆ ಇನ್ನೊಂದು ಬದಿಯೂ ಇದೆ. ಆ ಗುಡ್ಡಗಳು ಖಾಲಿ ಇರಲಿಲ್ಲ. ಮಾವಿಲನ್, ಮಲವೇಟ್ಟುವನ್ ಮೊದಲಾದ ಸಮುದಾಯಗಳು ಅಲ್ಲಿ ಕಾಡುಗೆಣಸು ಅಗೆದು, ಬೇಸಾಯ ಮಾಡಿ ಬದುಕಿದ್ದವು. ಕೇರಳದ ಮಲೆನಾಡಿನಲ್ಲಿ ವಲಸೆಗಾರರ ತೋಟ ಬೆಳೆದಂತೆ ಆದಿವಾಸಿಗಳು ನೆಲ ಕಳೆದುಕೊಂಡರು. ಕೈತಪ್ಪಿದ ಜಮೀನನ್ನು ಅವರಿಗೆ ಮರಳಿಸಲು ಕೇರಳ 1975ರಲ್ಲಿ ಕಾನೂನು ಮಾಡಬೇಕಾಯಿತು, ಅದರ ಜಾರಿಗೆ ಹೋರಾಟ ದಶಕಗಳ ಕಾಲ ನಡೆಯಿತು. ಒಬ್ಬರ ಹಸಿವು ನೀಗಿದ ನೆಲದಲ್ಲಿ ಇನ್ನೊಬ್ಬರ ಅನ್ನದ ದಾರಿ ಕಟ್ಟಿತು. ನಮ್ಮ ಹಿರಿಯರ ಕಷ್ಟವನ್ನು ನೆನೆಯುವಾಗ ಇದನ್ನೂ ನೆನೆಯುವುದು ನ್ಯಾಯ.

ಸಬ್ಬಕ್ಕಿಯೂ ಇದೇ

ಯುದ್ಧದ ಇನ್ನೊಂದು ಫಲ ನಮ್ಮ ಪಾಯಸದಲ್ಲಿದೆ. ಸಬ್ಬಕ್ಕಿ ಮೊದಲು ಮಲಯ, ಜಾವಾ ಕಡೆಯಿಂದ ಬರುತ್ತಿತ್ತು, ಅಲ್ಲಿ ಅದನ್ನು ಸಾಗೋ ಎಂಬ ತಾಳೆಜಾತಿಯ ಮರದ ತಿರುಳಿನಿಂದ ಮಾಡುತ್ತಿದ್ದರು. ಯುದ್ಧದಲ್ಲಿ ಆಮದು ನಿಂತಾಗ, 1943ರ ಸುಮಾರಿಗೆ ತಮಿಳುನಾಡಿನ ಸೇಲಂನಲ್ಲಿ ಮರಗೆಣಸಿನ ಹಾಲಿನಿಂದ ಸಬ್ಬಕ್ಕಿ ಮಾಡುವ ಗೃಹೋದ್ಯೋಗ ಶುರುವಾಯಿತು. ಈಗ ಸಂಡಿಗೆಗೆ, ಉಪವಾಸದ ಉಪ್ಪಿಟ್ಟಿಗೆ ನಾವು ಕೊಳ್ಳುವ ಸಬ್ಬಕ್ಕಿ ಮರಗೆಣಸಿನದೇ. ಬುತ್ತಿಯಲ್ಲಿ ಮರಗೆಣಸು ಕಂಡರೆ ನಗುವವರು ಮದುವೆ ಊಟದಲ್ಲಿ ಅದನ್ನೇ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಅಜ್ಜಿಯಂದಿರ ರಸಾಯನಶಾಸ್ತ್ರ

ನಮ್ಮ ಮನೆಗಳಲ್ಲಿ ಮರಗೆಣಸು ಬೇಯಿಸುವ ಕ್ರಮ ನೋಡಿ. ಸಿಪ್ಪೆಯನ್ನು ಒಳಗಿನ ದಪ್ಪ ಪದರದ ಸಮೇತ ತೆಗೆಯಬೇಕು. ಮೆಟ್ಟುಕತ್ತಿಯಲ್ಲಿ ಸಣ್ಣ ತುಂಡು ಮಾಡಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ತುಂಡು ಮುಳುಗಿ ಮೇಲೆ ನಿಲ್ಲುವಷ್ಟು ತಣ್ಣೀರು ಹಾಕಿ ಮುಚ್ಚಳವಿಲ್ಲದೆ ಕುದಿಸಬೇಕು. ಬೆಂದ ಮೇಲೆ ಆ ನೀರನ್ನು ಬಸಿದು ಚೆಲ್ಲಬೇಕು. ಸಾರಿಗೂ ಬಳಸಬಾರದು, ದನಕ್ಕೂ ಕೊಡಬಾರದು.

ಇದರಲ್ಲಿ ಒಂದು ಹೆಜ್ಜೆಯೂ ಸುಮ್ಮನೆ ಬಂದದ್ದಲ್ಲ. ಸಣ್ಣ ತುಂಡು ಮಾಡಿದಷ್ಟೂ ಕಿಣ್ವ ಹೆಚ್ಚು ಕೆಲಸ ಮಾಡುತ್ತದೆ, ಲಿನಮಾರಿನ್ ನೀರಿಗೆ ಸುಲಭವಾಗಿ ಇಳಿಯುತ್ತದೆ. ತಣ್ಣೀರಿನಿಂದ ನಿಧಾನ ಬಿಸಿಯೇರಿದರೆ ಕಿಣ್ವಕ್ಕೆ ಸಮಯ ಸಿಗುತ್ತದೆ. ಕುದಿಯುವ ನೀರಿಗೇ ನೇರ ಹಾಕಿದರೆ ಅದು ಬೇಗ ಸಾಯುತ್ತದೆ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತು, ಆದ್ದರಿಂದ ಮುಚ್ಚಳವಿಲ್ಲದ ಪಾತ್ರೆಯಿಂದ ಆವಿಯಾಗಿ ಹೋಗುತ್ತದೆ. ಉಳಿದದ್ದು ಬಸಿದ ನೀರಿನ ಜೊತೆ ಹೋಗುತ್ತದೆ.

ಹಾಗಾದರೆ ಪಾತ್ರೆ ಯಾವುದು ಕೊಳ್ಳಬೇಕು? ಪ್ರೆಷರ್ ಕುಕ್ಕರ್ ಬೇಳೆಗೆ, ಕಡಲೆಗೆ, ಕುಚ್ಚಲಕ್ಕಿಗೆ ಒಳ್ಳೆಯದು, ಗ್ಯಾಸೂ ಉಳಿಯುತ್ತದೆ. ಮರಗೆಣಸಿಗೆ ಮಾತ್ರ ಅಗಲ ಬಾಯಿಯ, ದಪ್ಪ ತಳದ ಸಾದಾ ಪಾತ್ರೆಯೇ ಸರಿ. ಅದರ ಜೊತೆ ಒಂದು ತೂತಿನ ತಟ್ಟೆ, ಗಟ್ಟಿ ಮರದ ಸಟ್ಟುಗ ಇದ್ದರೆ ಸಾಕು. ಹೊಸ ಮನೆ ಮಾಡುವ ನಮ್ಮ ಜೋಡಿಗಳು ದುಬಾರಿ ಸೆಟ್ ಕೊಳ್ಳುವ ಮೊದಲು ಅಮ್ಮನ ಅಟ್ಟದಲ್ಲಿ ಅಂಥ ಪಾತ್ರೆ ಇದೆಯೇ ಎಂದು ನೋಡಿಕೊಳ್ಳಿ.

ಕೊಳ್ಳುವಾಗ ಗೆಡ್ಡೆಯ ತುದಿ ಮುರಿದು ನೋಡಿ. ಒಳಗೆ ಬೆಳ್ಳಗಿದ್ದರೆ ತಾಜಾ, ನೀಲಿ ಕಪ್ಪು ಗೆರೆಗಳಿದ್ದರೆ ಬಿಟ್ಟುಬಿಡಿ. ಬೇಯಿಸಿದ ತುಂಡು ಕಹಿ ಎನಿಸಿದರೆ ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಜೊತೆಗೆ ಮೀನು ಯಾಕೆ?

100 ಗ್ರಾಂ ಹಸಿ ಮರಗೆಣಸಿನಲ್ಲಿ ಸುಮಾರು 160 ಕ್ಯಾಲರಿ ಇದೆ, ಪ್ರೊಟೀನ್ ಮಾತ್ರ ಒಂದೂವರೆ ಗ್ರಾಂ ಕೂಡ ದಾಟುವುದಿಲ್ಲ. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದದ್ದು ಸಾಲುವುದಿಲ್ಲ. ಉಳಿದ ಸಯನೈಡನ್ನು ನಮ್ಮ ದೇಹ ಕಳೆಯಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕು, ಅವು ಮೀನು, ಮೊಟ್ಟೆ, ಮಾಂಸದಲ್ಲಿವೆ. ಬೂತಾಯಿ ಅಗ್ಗಕ್ಕೆ ಸಿಗುವ ನಮ್ಮ ಕರಾವಳಿಯಲ್ಲಿ ಕಪ್ಪ ಮತ್ತು ಮೀನು ಜೋಡಿಯಾಗಿದ್ದು ರುಚಿಗಾಗಿ ಇರಬಹುದು, ಆದರೆ ಅದು ಜೀವ ಕಾಯ್ದ ಜೋಡಿ. ಆಫ್ರಿಕದ ಮೊಜಾಂಬಿಕ್‌ನಲ್ಲಿ 1981ರ ಬರಗಾಲದಲ್ಲಿ ಜನ ಕಹಿ ಮರಗೆಣಸನ್ನು ಸರಿಯಾಗಿ ಸಂಸ್ಕರಿಸಲು ವ್ಯವಧಾನವಿಲ್ಲದೆ, ಜೊತೆಗೆ ತಿನ್ನಲು ಬೇರೇನೂ ಇಲ್ಲದೆ ತಿಂದರು. ಎಷ್ಟೋ ಮಕ್ಕಳು, ತಾಯಂದಿರು ಕಾಲುಗಳ ಬಲ ಕಳೆದುಕೊಂಡರು. "ಕೊಂಜೊ" ಎಂಬ ಆ ರೋಗಕ್ಕೆ ಮದ್ದಿಲ್ಲ. ನೀರು ಬಸಿಯುವ ಒಂದು ಅಭ್ಯಾಸದ ಬೆಲೆ ಎಷ್ಟು ಎಂಬುದು ಇಲ್ಲಿ ತಿಳಿಯುತ್ತದೆ. ಮೀನು ತಿನ್ನದ ಮನೆಯವರು ಹೆಸರುಕಾಳಿನ ಗಸಿ, ಮೊಟ್ಟೆ ಅಥವಾ ಮೊಸರು ಜೊತೆಗಿಟ್ಟುಕೊಳ್ಳಿ.

1970ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಸುಮಾರು 3 ಲಕ್ಷ ಹೆಕ್ಟೇರಿನಲ್ಲಿ ಮರಗೆಣಸು ಇತ್ತು. ಆಮೇಲೆ ರೇಷನ್ ಅಕ್ಕಿ ಮನೆಮನೆಗೆ ಮುಟ್ಟಿತು, ಗುಡ್ಡಗಳಿಗೆ ರಬ್ಬರು ಬಂತು, ಗೆಣಸಿನ ಜಾಗ ಬಹಳ ಕುಗ್ಗಿತು. ಈಗ ಅದೇ ಕಪ್ಪ ಮೀನು ಸಾರು ಪೇಟೆಯ ಹೋಟೆಲುಗಳಲ್ಲಿ ವಿಶೇಷ ತಿಂಡಿ. ಮೆನುವಿನಲ್ಲಿ ಅದರ ಬೆಲೆ ನೋಡಿದರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು.

ಅಗ್ಗದ ಆಹಾರವನ್ನು ಸುರಕ್ಷಿತ ಊಟವಾಗಿ ಮಾಡಿದವರು ಹೆಸರೇ ಇಲ್ಲದ ಹೆಂಗಸರು. ತಿಪಿತಿಯಲ್ಲಿ ರಸ ಹಿಂಡಿದವರು, ಬಂಡೆಯ ಮೇಲೆ ಕಪ್ಪ ಒಣಗಿಸಿದವರು, ನೀರು ಚೆಲ್ಲು ಮಗಾ ಎಂದು ಗದರಿಸಿದವರು. ಅವರ ಹೆಸರು ಚರ್ಚಿನ ಕಲ್ಲಿನ ಫಲಕಗಳಲ್ಲಿ ಇಲ್ಲ. ಅದಕ್ಕಾಗಿ ಒಂದು ಕೆಲಸ ಮಾಡೋಣ. ಈ ವಾರ ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರನ್ನು ಕೇಳಿ: ಅಕ್ಕಿ ಸಿಗದ ದಿನಗಳಲ್ಲಿ ಏನು ಬೇಯಿಸುತ್ತಿದ್ದಿರಿ, ಯಾವ ಪಾತ್ರೆಯಲ್ಲಿ, ಯಾರು ಕಲಿಸಿದರು? ಉತ್ತರವನ್ನು ಅವರ ಮಾತಿನಲ್ಲೇ, ಕೊಂಕಣಿಯಾಗಲಿ ತುಳುವಾಗಲಿ ಮಲಯಾಳವಾಗಲಿ ಕನ್ನಡ ಲಿಪಿಯಲ್ಲಿ ಬರೆದು ಯುವಕ ಸಂಘದ ಯಾರ ಕೈಗಾದರೂ ಕೊಡಿ. ನಾವು ಅದನ್ನೆಲ್ಲ ಸೇರಿಸಿ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ.