ಚಂದ್ರನ ಮಣ್ಣು ಯಾರದು?

ಮೈಸೂರಿನ ಕುಂಬಾರಕೊಪ್ಪಲಿನ ಹೆಸರಲ್ಲೇ ಮಣ್ಣಿನ ಕಸುಬಿದೆ. ಕುಂಬಾರನಿಗೆ ಮಡಕೆಗಿಂತ ಮೊದಲು ಬರೋ ಪ್ರಶ್ನೆ, ಮಣ್ಣು ತೆಗೆಯುವ ಹಕ್ಕು ಯಾರದು ಅನ್ನೋದು. ಚಂದ್ರನ ಮಣ್ಣಿಗೂ ಇದೇ ಪ್ರಶ್ನೆ ಬಂದು ನಲವತ್ತು ವರ್ಷ ದಾಟಿದೆ.

1979ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಚಂದ್ರ ಒಪ್ಪಂದವನ್ನು ಅಂಗೀಕರಿಸಿತು. ಚಂದ್ರ ಇಡೀ ಮನುಕುಲದ ಸ್ವತ್ತು, ಅಲ್ಲಿ ಅಗೆದು ಬಂದ ಲಾಭದಲ್ಲಿ ಹಿಂದುಳಿದ ದೇಶಗಳಿಗೂ ಪಾಲು ಸಿಗಬೇಕು ಅಂತ ಅದರಲ್ಲಿತ್ತು. ನಮ್ಮೂರ ಗೋಮಾಳ ಇದ್ದ ಹಾಗೆ ಅನ್ನಿ.

ಅಮೆರಿಕದಲ್ಲಿ ಇದಕ್ಕೆ ಅಡ್ಡ ನಿಂತಿದ್ದು ‘ಎಲ್‌5 ಸೊಸೈಟಿ’. 1975ರಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ಸಂಘ. ಬಾಹ್ಯಾಕಾಶದಲ್ಲಿ ಜನ ಮನೆ ಮಾಡಿ ಬದುಕಬೇಕು ಅನ್ನೋದು ಸದಸ್ಯರ ಕನಸು. ಅಗೆದವನಿಗೆ ಹಕ್ಕೇ ಇಲ್ಲ ಅಂದರೆ ದುಡ್ಡು ಹಾಕುವವರು ಯಾರು ಅಂತ ಅವರ ವಾದ. ವಕೀಲರೊಬ್ಬರನ್ನು ಇಟ್ಟುಕೊಂಡು ಹೋರಾಡಿದರು. ಅಮೆರಿಕ ಸಹಿ ಹಾಕಲೇ ಇಲ್ಲ. 1987ರಲ್ಲಿ ಆ ಸಂಘ ಇನ್ನೊಂದರ ಜೊತೆ ಸೇರಿ ನ್ಯಾಷನಲ್ ಸ್ಪೇಸ್ ಸೊಸೈಟಿ ಆಯಿತು.

ಭಾರತ 1982ರಲ್ಲಿ ಚಂದ್ರ ಒಪ್ಪಂದಕ್ಕೆ ಸಹಿ ಹಾಕಿತು, ಅನುಮೋದಿಸಲಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆಗೂ ಸೇರಿತು. ಅಲ್ಲಿ ಅಗೆದು ತೆಗೆದರೆ ಜಾಗ ಕಬಳಿಸಿದಂತಲ್ಲ ಅನ್ನುತ್ತದೆ ಅದು. ನನಗಂತೂ ಇದು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಕಾಣುತ್ತದೆ.

ಹಕ್ಕಿನ ಜಗಳ ಹಾಗಿರಲಿ, ಮನೆ ಕಟ್ಟುವ ಸಿದ್ಧತೆ ನಮ್ಮಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ, ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದ್ದನ್ನು 2020ರಲ್ಲಿ ತಿಳಿಸಿದರು. ಅದನ್ನು ಸುಡೋಕೆ ಆವಿಗೆಯೂ ಬೇಕಾಗಲಿಲ್ಲ.